ಬಟ್ಟಲಿನ ಮೇಲೆ ಬೂದಿ

ಮಗ್ಗದ ಗುಂಡಿಗೆ ಕಾಲಿಳಿಬಿಟ್ಟ ಓಬಳಪ್ಪ ಹೌಹಾರಿದ. ಪಾದ ಮುಳುಗುವಷ್ಟು ನೀರು!

ಮೊಳಕಾಲ್ಮೂರಿನ ಆ ಮನೆಯವರೆಲ್ಲ ಓಡಿಬಂದರು. ನೀರಿನ ಜಾಡು ಹಿಡಿದು ಹೋದರೆ—ಬಚ್ಚಲುಮನೆ. ನಿನ್ನೆ ಸಂಜೆ ಕೂಡಿಸಿದ, ಬೆಳಿಗ್ಗೆ ಮನೆಮಂದಿ ಮುಖ ತೊಳೆದ ಹೊಸ ಸಿಂಕಿನ ಕೆಳಗೆ ತೊಟತೊಟ ಸೋರುತ್ತಿತ್ತು.

ಸಿಂಕು ಸೊಸೆ ರೂಪಾಳ ತವರಿನ ಉಡುಗೊರೆ. ಕೂಡಿಸಿದವನು ಚಳ್ಳಕೆರೆಯಲ್ಲಿ ನಲ್ಲಿ ಕೆಲಸ ಮಾಡುವ ಅವಳಣ್ಣ ಗೋವರ್ಧನ. ರಾತ್ರಿ ಇಲ್ಲೇ ತಂಗಿದ್ದ.

"ಚಳ್ಳಕೆರೆ ಕೆಲಸ ಇಷ್ಟೇ!" ಅತ್ತೆ ಚಿಕ್ಕಕ್ಕ ಸೊಂಟಕ್ಕೆ ಕೈಯಿಟ್ಟಳು. "ದೇವುಡಾ! ಚೊಂಬು ಸಾಲ್ತಿರ್ಲಿಲ್ವಾ ನಮಗೆ? ನಾನಂತೂ ಅದನ್ನ ಮುಟ್ಟೇ ಇಲ್ಲ. ಬಿಚ್ಕೊಂಡು ಹೋಗಪ್ಪ."

ಗೋವರ್ಧನ ತಲೆತಗ್ಗಿಸಿದ. ರೂಪಾಳಿಗೆ ಚುರುಕ್ಕೆಂದಿತು. ಸಿಂಕು ವಾಪಸು ಹೋದರೆ ತವರಿನ ಮಾನವೂ ಅದರೊಡನೆ ಬಸ್ಸು ಹತ್ತಿದಂತೆಯೇ.

"ತಡೀರಿ ಅತ್ತೆ. ಸೋರ್ತಿರೋದು ಎಲ್ಲಿ, ಅದನ್ನ ನೋಡಾಣ."

ಸಿಂಕಿನ ತೂತಿಗೆ ಅಂಗೈ ಒತ್ತಿ ನಲ್ಲಿ ತಿರುಗಿಸಿದಳು. ಕೆಳಗೆ ಹನಿಯೂ ಇಲ್ಲ. ಕೈ ತೆಗೆದಳು—ತೊಟತೊಟ!

"ನಲ್ಲಿ ಸರಿ ಐತೆ. ಸೋರ್ತಿರೋದು ಕೆಳಗೆ ನೇತಾಡೋ, ಕಸ ನಿಲ್ಲೋ ತಿರುಪಿನ ಬಟ್ಟಲು. ಅಣ್ಣಾ, ನಿನ್ನೆ ನೀರು ಬಿಟ್ಟು ನೋಡಿದ್ಯಾ?"

"ಬಕೆಟ್‌ಗಟ್ಲೆ ಸುರಿದೀನಿ ಕಣೆ! ನೆಲ ಒಣಗಿತ್ತು."

"ಹಂಗಾದ್ರೆ ಆಮೇಲೆ ಯಾರೋ ಬಿಚ್ಚಿದಾರೆ. ರೀ, ನೀವಾ?"

ಗಂಡ ಬಾಲರಾಜು ನಕ್ಕ. "ನಂಗೆ ಬಲ್ಬು ತಿರುಗಿಸಾಕೂ ಬರಲ್ಲ!"

"ಮಾವಾ?"

"ನಾನಾ? ಅದರ ಕೆಳಗೆ ಬಗ್ಗಿದ್ರೆ ಎತ್ತಾಕೆ ಇಬ್ಬರು ಬೇಕವ್ವಾ," ಓಬಳಪ್ಪ ಅಂದ.

ರೂಪಾ ಬಟ್ಟಲು ಬಿಚ್ಚಿದಳು. ಒಳಗೆ ನೀರು ತಡೆಯಬೇಕಾದ ರಬ್ಬರ್ ಬಳೆ ಮಾಯ! ಅದರ ಜಾಗದಲ್ಲಿ ಬಿಗಿಯಾಗಿ ಸುತ್ತಿದ ಕೆಂಪು ರೇಷ್ಮೆ ಎಳೆ.

"ರೇಷ್ಮೆ ಈ ಮನೇಲಿ ಯಾರ ಕೈಗೆ ಸಿಗಲ್ಲ?" ಎಂದ ಬಾಲರಾಜು.

"ಎಳೆ ಬಿಡಿ. ಇದನ್ನ ನೋಡಿ."

ಬಿಳಿ ಬಟ್ಟಲಿನಲ್ಲಿ ನೀರು ತಾಗದ ಬದಿಗೆ ಬೂದಿ ಮೆತ್ತಿತ್ತು. ಬೆರಳಿನ ಗುರುತು!

"ಮಗ್ಗದ ಹಾಸಿನ ಎಳೆ ಕೂಡಿಸೋವಾಗ ಜಾರಬಾರದು ಅಂತ ಬೆರಳಿಗೆ ಬೂದಿ ಸವರ್ಕೋತಾರೆ. ಎಳೆ ಹಿಡಿದ ಕೂಡ್ಲೆ ಕೈ ತಾನಾಗೇ ಬೂದಿಗೆ ಹೋಗೈತೆ. ಆದ್ರೆ ರೇಷ್ಮೆ ನೀರು ತಡೀಬೇಕಲ್ಲ? ಈ ಮನೇಲಿ ಎಳೆ ಕೂಡಿಸೋರು ಒಬ್ಬರೇ—ಅಲ್ವಾ ಅತ್ತೆ?"

ಎಲ್ಲರೂ ಚಿಕ್ಕಕ್ಕನತ್ತ ತಿರುಗಿದರು. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಭುಜ ಕುಲುಕತೊಡಗಿತು. ಅಳುವೇ? ಅಲ್ಲ—ನಗು!

"ಬೆಳಿಗ್ಗೆ ಮುಖ ತೊಳೆಯೋವಾಗ ಮೂಗುಬೊಟ್ಟು ಒಳಗೆ ಬಿತ್ತು ಕಣೆ! ಬಿಚ್ಚಿ ತಗೊಂಡೆ. ಆ ಹಾಳು ಬಳೆ ಗಲೀಜಿನ ಜೊತೆ ಮೋರಿ ಸೇರ್ತು."

"ಮುಟ್ಟೇ ಇಲ್ಲ ಅಂದ್ಯಲ್ಲೇ!" ಓಬಳಪ್ಪ ಕೂಗಿದ.

"ಮತ್ತೇನು, ನಿನ್ನೆಯೆಲ್ಲ ಬೈದ ಬಾಯಲ್ಲೇ ಹೊಗಳಾಕಾಗ್ತದಾ? ಬಗ್ಗದೆ ಮುಖ ತೊಳೆಯೋ ಸುಖ ನಿಮಗೇನು ಗೊತ್ತು!"

ಮನೆಯೆಲ್ಲ ನಗುವಾಯಿತು. ಗೋವರ್ಧನ ಚೀಲದಿಂದ ಹೊಸ ಬಳೆ ತೆಗೆದು ಕೂತ. ಚಿಕ್ಕಕ್ಕ ಅವನ ಪಕ್ಕ ಕುಕ್ಕರಿಸಿ ದನಿ ತಗ್ಗಿಸಿದಳು:

"ಇವತ್ತೇ ಹೊರಡಬ್ಯಾಡ ಕಣಪ್ಪ. ಪಕ್ಕದ ಮನೆ ಪಾತಮ್ಮಂಗೂ ಇಂಥದ್ದೇ ಬೇಕಂತೆ. ನಮ್ಮ ಬೀಗರ ಹುಡುಗನ ಕೈಲೇ ಹಾಕಿಸ್ಕೊಡ್ತೀನಿ ಅಂತ ಬೆಳಿಗ್ಗೇನೇ ಮಾತು ಕೊಟ್ಟು ಬಂದೀನಿ."