ಕರಗಣ್ಣಿನ ನಾಲಿಗೆ

"ನಮಸ್ಕಾರ್ರೀ ಸರ್. ಆರಾಮ ಅದೀರಿಲ್ರಿ?" ಎಂದಿತು ಸೀಲಿಂಗು.

"ಹೂಂ, ಆರಾಮ," ಎನ್ನುತ್ತ ಶಸ್ತ್ರವೈದ್ಯ ಡಾ. ವಿರೂಪಾಕ್ಷ ಕೊಣ್ಣೂರ ತೀವ್ರ ನಿಗಾ ಘಟಕದೊಳಗೆ ಬಂದರು.

"ಚಾ ಆತೇನ್ರಿ?"

"ಆತು."

"ಈ ವರ್ಷ ಮಳಿ ಒಂದೀಟು ತಡಾನ ಆತು ನೋಡ್ರಿ. ಸಣ್ಣ ಸಾಹೇಬ್ರು ಪರೀಕ್ಷಾ ಹೆಂಗ ಬರದಾರ್ರಿ?"

ಅಷ್ಟರಲ್ಲಿ ಕೊಣ್ಣೂರರ ಬಲಗೈ ನಾಲ್ಕನೇ ಮಂಚದ ರೋಗಿಯ ಉಸಿರಿನ ಕೊಳವೆಯ ಮೇಲಿತ್ತು. ಅವರು ಕೊಳವೆಯನ್ನು ಸರಿಪಡಿಸಿದರು, ರೋಗಿಯ ಕೆನ್ನೆ ತಟ್ಟಿದರು. "ತಪ್ಪು ತಿಳೀಬ್ಯಾಡ್ರಿ ಸರ್, ಒಂದ ಮಾತು ಹೇಳೂದಿತ್ರಿ, ನಿಮ್ಮ ಕೈ ಮ್ಯಾಲ..." ಎಂದು ಸೀಲಿಂಗು ಪೀಠಿಕೆ ಮುಗಿಸಿ ವಿಷಯಕ್ಕೆ ಬರುವಾಗ ನಲವತ್ತಾರು ಸೆಕೆಂಡು ಕಳೆದಿತ್ತು. ಸಾಹೇಬರು ಐದನೇ ಮಂಚದ ಹತ್ತಿರ ಇದ್ದರು.

ಮೂಲೆಯಲ್ಲಿ ನಿಂತಿದ್ದ ಸೂಕ್ಷ್ಮಜೀವಿ ವಿಜ್ಞಾನಿ ಡಾ. ಸಮನ್ವಿ ಇಂಗಳಹಳ್ಳಿ ಇದನ್ನೆಲ್ಲ ತನ್ನ ಕೈಯಲ್ಲಿದ್ದ ಪರದೆಯಲ್ಲಿ ನೋಡಿದಳು. ಸಾಹೇಬರ ಹೆಬ್ಬೆರಳಿನ ಮೇಲೆ ನೇರಳೆ ಬಣ್ಣದ ಮಚ್ಚೆಯೊಂದು ಹೊಳೆಯುತ್ತಿತ್ತು. ಕೂಗಿ ಹೇಳಬಹುದಿತ್ತು. ಯಂತ್ರ ಹೇಳುತ್ತಿದೆಯಲ್ಲ, ನಾನೇಕೆ ನಿಷ್ಠುರಳಾಗಲಿ ಎಂದುಕೊಂಡು ಸುಮ್ಮನಾದಳು.

ಇದು ನಡೆದದ್ದು 2057ರಲ್ಲಿ, ಧಾರವಾಡದ ಒಂದು ದೊಡ್ಡ ಆಸ್ಪತ್ರೆಯಲ್ಲಿ. ಸೀಲಿಂಗಿಗೆ ಕೂರಿಸಿದ್ದ ಯಂತ್ರದ ಹೆಸರು ಕರಗಣ್ಣು, ಕರ ನೋಡುವ ಕಣ್ಣು. ಪ್ರತಿ ಜಾತಿಯ ಸೂಕ್ಷ್ಮಾಣುವಿನ ಮೇಲೆ ಬಿದ್ದು ಮರಳುವ ಬೆಳಕಿಗೆ ಬೇರೆ ಬೇರೆ ಬಣ್ಣವಿರುತ್ತದೆ. ಮನುಷ್ಯನ ಕಣ್ಣಿಗೆ ಕಾಣದ ಆ ಬಣ್ಣವನ್ನು ಹಿಡಿದು, ಯಾರ ಕೈಮೇಲೆ ಯಾವ ಪಿಡುಗು ಕೂತಿದೆ ಎಂದು ಅದು ಕ್ಷಣಮಾತ್ರದಲ್ಲಿ ಕಂಡುಹಿಡಿಯುತ್ತಿತ್ತು. ನಿಗಾ ಘಟಕದ ರೋಗಿಗಳಿಗೆ ಮೂಲ ಕಾಯಿಲೆಗಿಂತ ಅಲ್ಲಿ ಅಂಟುವ ಸೋಂಕೇ ಎಷ್ಟೋ ಸಲ ಮೃತ್ಯುವಾಗುತ್ತದೆ. ಹಾಗಾಗಿ ಐದು ದೇಶಗಳ ವಿಜ್ಞಾನಿಗಳು ಹನ್ನೊಂದು ವರ್ಷ ಒಟ್ಟಿಗೆ ಕೂತು ಕರಗಣ್ಣಿನ ಕಣ್ಣನ್ನು ತಯಾರಿಸಿದ್ದರು. ನಾಲಿಗೆಯನ್ನು, ಅಂದರೆ ಎಚ್ಚರಿಸುವ ಮಾತನ್ನು, ಮಾತ್ರ ಆಯಾ ದೇಶದವರು ತಮ್ಮ ರೂಢಿಗೆ ತಕ್ಕಂತೆ ಮಾಡಿಕೊಳ್ಳಬೇಕೆಂದು ಒಪ್ಪಂದವಾಗಿತ್ತು.

ಧಾರವಾಡದ ನಾಲಿಗೆ ಸಮನ್ವಿಯ ಕೈಕೆಲಸ. ಇಲ್ಲಿನ ಸಿಬ್ಬಂದಿ ಒಬ್ಬರ ತಪ್ಪನ್ನು ಇನ್ನೊಬ್ಬರು ಹೇಗೆ ತಿದ್ದುತ್ತಾರೆ ಎಂದು ಯಂತ್ರ ಮೂರು ತಿಂಗಳು ಕೇಳಿಸಿಕೊಂಡು ಕಲಿತಿತ್ತು. ಕಿರಿಯರಿಗೆ ಹೇಳುವಾಗ ಅದು ಗುಂಡು ಹಾರಿಸಿದಂತೆ ಹೇಳುತ್ತಿತ್ತು. ಹಿರಿಯರಿಗಾದರೆ ಮೊದಲು ಕ್ಷೇಮ, ಆಮೇಲೆ ಚಹಾ, ಮಳೆ, ಮಕ್ಕಳು. ಸಮಯ ಉಳಿದರೆ ವಿಷಯ. ಅದರ ತಪ್ಪೇನಿಲ್ಲ, ಹೇಳಿಕೊಟ್ಟಿದ್ದನ್ನು ಚಾಚೂ ತಪ್ಪದೆ ಕಲಿತ ಶಿಷ್ಯ ಅದು.

ಶುಕ್ರವಾರದ ಜಂಟಿ ಸಭೆಯಲ್ಲಿ ಪರದೆಯ ಮೇಲೆ ಕಾಣಿಸಿಕೊಂಡ ಉಟ್ರೆಕ್ಟಿನ ಡಚ್ ವಿಜ್ಞಾನಿ ಹಾನ್ನೆಕೆ ನೇರ ವಿಷಯಕ್ಕೆ ಬಂದಳು. ಅನುವಾದಕ ಯಂತ್ರ ಅವಳ ಮಾತನ್ನು ಕನ್ನಡದಲ್ಲಿ ಹೇಳಿತು: "ಮೂರು ದೇಶಗಳಲ್ಲಿ ಸೋಂಕು ಅರ್ಧಕ್ಕೆ ಇಳಿದಿದೆ. ಧಾರವಾಡದಲ್ಲಿ ಹಿಂದಿನಷ್ಟೇ ಇದೆ. ನಮ್ಮ ಯಂತ್ರ 'ಕೈ' ಎನ್ನುತ್ತದೆ, ಒಂದು ಸೆಕೆಂಡು. ನಿಮ್ಮದು ಅಷ್ಟು ಹೊತ್ತು ಏನು ಹೇಳುತ್ತದೆ?"

"ಮಾತನಾಡಿಸುತ್ತದೆ," ಎಂದಳು ಸಮನ್ವಿ.

ನಗೋಯಾದ ಜಪಾನಿ ಮುದುಕ ಡಾ. ಮೊರಿಶಿತಾ ಮೆಲ್ಲಗೆ ಕೆಮ್ಮಿದರು. "ನಮ್ಮದು ಎರಡು ಸಲ ಕ್ಷಮೆ ಕೇಳುತ್ತದೆ. ಇಪ್ಪತ್ತು ಸೆಕೆಂಡು. ನಮ್ಮಲ್ಲಿಯೂ ಸೋಂಕು ಇಳಿದಿಲ್ಲ, ಹೇಳಲು ಸಂಕೋಚವಾಗಿತ್ತು."

ಹಾನ್ನೆಕೆಯ ಸಲಹೆಯಂತೆ ಸಮನ್ವಿ ಡಚ್ ನಾಲಿಗೆಯ ನೇರ ರೀತಿಯನ್ನೇ ಕನ್ನಡಕ್ಕಿಳಿಸಿದಳು. ಮರುದಿನ ಬಾಗಿಲು ದಾಟಿದ ಕೊಣ್ಣೂರರಿಗೆ "ಸರ್, ನಿಮ್ಮ ಕೈ ಹೊಲಸಾಗಿದೆ" ಎಂದು ಘಟಕವೆಲ್ಲ ಕೇಳುವಂತೆ ಸೀಲಿಂಗು ಹೇಳಿತು. ನರ್ಸುಗಳು ನೆಲ ನೋಡಿದರು. ಸಾಹೇಬರ ಕಿವಿ ಕೆಂಪಾಯಿತು. "ಮೂವತ್ತು ವರ್ಷದಾಗ ನನಗ ಹಿಂಗ ಯಾರೂ ಅಂದಿಲ್ಲ," ಎಂದರು. ಆಮೇಲೆ ಸ್ಟೂಲು ತರಿಸಿ, ತಾವೇ ಹತ್ತಿ, ಕರಗಣ್ಣಿನ ಬಾಯಿಗೆ ಹತ್ತಿ ತುರುಕಿ ಪಟ್ಟಿ ಅಂಟಿಸಿದರು. ಶಸ್ತ್ರವೈದ್ಯರಲ್ಲವೇ, ಪಟ್ಟಿ ಬಹಳ ಅಚ್ಚುಕಟ್ಟಾಗಿತ್ತು.

ಸಾಹೇಬರು ಕೊಳವೆ ಮುಟ್ಟಿದ ಆರನೇ ದಿನ ನಾಲ್ಕನೇ ಮಂಚದ ಕಾಶಿಮಸಾಬನಿಗೆ ಜ್ವರ ಬಂತು. ಗಾದಿ ಹೊಲಿಯುವವನು, ಬೈಕಿನಿಂದ ಬಿದ್ದು ಪಕ್ಕೆಲುಬು ಮುರಿದುಕೊಂಡು ಬಂದಿದ್ದ. ಬೇಗ ಮನೆಗೆ ಹೋಗಬೇಕಾದ ಆಸಾಮಿ. ಅವನ ಶ್ವಾಸಕೋಶದಲ್ಲಿ ಸಿಕ್ಕಿದ್ದು ಅದೇ ನೇರಳೆ ಬ್ಯಾಕ್ಟೀರಿಯಾ, ಸುಲಭಕ್ಕೆ ಯಾವ ಔಷಧಿಗೂ ಬಗ್ಗದ ಜಾತಿ. ಸಮನ್ವಿ ದಾಖಲೆ ತೆಗೆದು ನೋಡಿದಳು. ಸಾಹೇಬರ ಹೆಬ್ಬೆರಳು, ಕೊಳವೆ, ಮೂಲೆಯಲ್ಲಿ ಪರದೆ ಹಿಡಿದು ನಿಂತ ತಾನು. ತಪ್ಪು ಸಾಹೇಬರದೂ ಹೌದು, ಯಂತ್ರದ್ದೂ ಹೌದು. ಆದರೆ ಎಲ್ಲ ಕಂಡೂ ಸುಮ್ಮನಿದ್ದವಳು ತಾನೊಬ್ಬಳೇ.

ಮರುದಿನ ಬೆಳಿಗ್ಗೆ ದ್ಯಾಮವ್ವ ಘಟಕದ ನೆಲ ಒರೆಸುತ್ತಿದ್ದಳು. ಅರವತ್ತು ದಾಟಿದ ಹೆಂಗಸು. ಕೊಣ್ಣೂರರು ಬಾಗಿಲಲ್ಲಿ ಕಾಣಿಸಿಕೊಂಡರು.

"ಎಪ್ಪಾ, ಅಲ್ಲೇ ನಿಂದ್ರು," ಎಂದಳು ದ್ಯಾಮವ್ವ ತಲೆ ಎತ್ತದೆ. "ಹಸೀ ನೆಲಾ ಐತಿ. ನಿಂತಾಂವ ಹಂಗ ಕೈ ತೊಳ್ಕೊ. ಎಲ್ಲೆಲ್ಲಿ ಮುಟ್ಟಿ ಬಂದೀಯೋ ಏನೋ. ಬೆರಳ ಸಂದಿನೂ ತಿಕ್ಕು."

ಸಾಹೇಬರು ಹೋಗಿ ಕೈ ತೊಳೆದರು. ಬೆರಳ ಸಂದಿಯನ್ನೂ ತಿಕ್ಕಿದರು. ಮುಖದಲ್ಲಿ ಸಿಟ್ಟಿನ ಸುಳಿವಿರಲಿಲ್ಲ.

ಸಮನ್ವಿ ಬೆರಗಾಗಿ ನಿಂತಳು. ಈ ಮಾತನ್ನು ಯಂತ್ರ ಮೂರು ತಿಂಗಳಲ್ಲಿ ಒಮ್ಮೆಯೂ ಕೇಳಲಿಲ್ಲವೇ ಎಂದು ಹೋಗಿ ಹುಡುಕಿದಳು. ಕೇಳಿತ್ತು, ಇನ್ನೂರ ಹನ್ನೆರಡು ಸಲ. ಆದರೆ ಅವಳು ಯಂತ್ರಕ್ಕೆ ಕೊಟ್ಟ ಸಿಬ್ಬಂದಿಯ ಪಟ್ಟಿಯಲ್ಲಿ ವೈದ್ಯರಿದ್ದರು, ನರ್ಸುಗಳಿದ್ದರು, ತಂತ್ರಜ್ಞರಿದ್ದರು, ಕಸ ಗುಡಿಸುವವರ ಹೆಸರೇ ಇರಲಿಲ್ಲ. ದ್ಯಾಮವ್ವನ ಮಾತನ್ನೆಲ್ಲ ಯಂತ್ರ 'ಗದ್ದಲ' ಎಂದು ಗುರುತು ಹಾಕಿ ಬದಿಗಿಟ್ಟಿತ್ತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರು ಅನ್ನುವುದು ಇದಕ್ಕೇ.

ಆ ಗದ್ದಲವನ್ನೇ ಎತ್ತಿ, ದ್ಯಾಮವ್ವನನ್ನು ಕೇಳಿ ಒಪ್ಪಿಗೆ ಪಡೆದು, ನಾಲಿಗೆ ಮಾಡಿದ್ದಾಯಿತು. ಹತ್ತಿ ತೆಗೆದದ್ದಾಯಿತು. "ಎಪ್ಪಾ, ಅಲ್ಲೇ ನಿಂದ್ರು" ಎಂದು ಸೀಲಿಂಗು ದ್ಯಾಮವ್ವನ ಧ್ವನಿಯಲ್ಲಿ ಹೇಳಿದ ಕೂಡಲೇ ಸಣ್ಣವರು ದೊಡ್ಡವರು ಎನ್ನದೆ ಎಲ್ಲರೂ ನಲ್ಲಿಯ ಕಡೆ ತಿರುಗಿದರು. ಎರಡು ತಿಂಗಳಲ್ಲಿ ಸೋಂಕು ಕಾಲುಭಾಗಕ್ಕೆ ಇಳಿಯಿತು. ಮೊರಿಶಿತಾ ಅದೇ ಧ್ವನಿಯನ್ನು ನಗೋಯಾಕ್ಕೆ ತರಿಸಿಕೊಂಡು, ಅನುವಾದಿಸದೆ ಹಾಗೆಯೇ ಹಾಕಿಸಿದರು. ಅಲ್ಲಿ ಯಾರಿಗೂ ಒಂದಕ್ಷರ ಅರ್ಥವಾಗಲಿಲ್ಲ, ಎಲ್ಲರೂ ಕೈ ತೊಳೆದರು. ಧ್ವನಿ ಕೇಳಿದರೆ ತಮ್ಮ ಅಜ್ಜಿಯ ನೆನಪಾಗುತ್ತದೆ ಎಂದು ಮೊರಿಶಿತಾ ವರದಿಯಲ್ಲಿ ಬರೆದರು.

ಸುದ್ದಿ ತಿಳಿದ ದ್ಯಾಮವ್ವ ಕೇಳಿದಳು, "ಅಕ್ಕಾರ, ಕೈ ತೊಳ್ಕೊ ಅನ್ನಾಕ ಐದು ದೇಶ ಬೇಕಾದ್ವೇನ್ರಿ?"



ಸೋಂಕು ಇಳಿದದ್ದು ಯಂತ್ರದಿಂದಲೋ ಬೇರೆ ಕಾರಣದಿಂದಲೋ ಎಂದು ತಿಳಿಯಬೇಕಾದರೆ ಯಂತ್ರವನ್ನು ನಿಲ್ಲಿಸಿಟ್ಟು ನೋಡಬೇಕು. ಅದು ವಿಜ್ಞಾನದ ರೂಢಿ. ಎಲ್ಲ ದೇಶಗಳಲ್ಲೂ ಒಂದು ವಾರ ಕರಗಣ್ಣು ಮುಚ್ಚಿತು. ಧಾರವಾಡದಲ್ಲಿ ಆ ವಾರವೇ ದ್ಯಾಮವ್ವ ರಜೆಯ ಮೇಲಿದ್ದಳು. ಕಾಶಿಮಸಾಬ ಸಾವಿನ ಬಾಗಿಲು ತಟ್ಟಿ ಮರಳಿದ್ದ. ಉಸಿರಾಟಕ್ಕೆಂದು ಗಂಟಲಲ್ಲಿ ಮಾಡಿದ್ದ ರಂಧ್ರವೊಂದು ಮಾಯಬೇಕಿತ್ತು. ಇನ್ನೊಂದು ಸೋಂಕು ತಗುಲಿದರೆ ಅವನು ಉಳಿಯುವಂತಿರಲಿಲ್ಲ.

ಕೊಣ್ಣೂರರು ಫೋನಿನಲ್ಲಿ ಮಾತಾಡುತ್ತ ಒಳಗೆ ಬಂದರು, ಫೋನು ಜೇಬಿಗಿಟ್ಟರು, ನೇರ ನಾಲ್ಕನೇ ಮಂಚದ ಕಡೆ ನಡೆದರು. ನರ್ಸುಗಳೆಲ್ಲ ಸೀಲಿಂಗು ನೋಡಿದರು. ಅದು ಸುಮ್ಮನಿತ್ತು. ಸಮನ್ವಿ ಮೂಲೆಯಿಂದ ಮುಂದೆ ಬಂದಳು. ಸಾಹೇಬರ ಕೈ ಕಾಶಿಮಸಾಬನ ಗಂಟಲಿನತ್ತ ಚಾಚಿತು.

"ಸರ್, ಕೈ ತೊಳೀರಿ," ಎಂದಳು ಸಮನ್ವಿ.

ಸಾಹೇಬರು ಅಭ್ಯಾಸಬಲದಿಂದ ಮೇಲೆ ನೋಡಿದರು. ಆಮೇಲೆ ಅವಳನ್ನು ನೋಡಿದರು. "ಯಾರು, ನೀವ ಅಂದ್ರೇನು?"

"ಹೌದ್ರಿ ಸರ್, ನಾನ. ಹೋದ ಸಲಾನೂ ನೋಡಿದ್ದೆ, ಹೇಳಿರ್ಲಿಲ್ಲ. ಅದಕ್ಕ ಇವರಿಗೆ ಜ್ವರ ಬಂತು."

ಕೊಣ್ಣೂರರು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು. ಕಾಶಿಮಸಾಬ ಇಬ್ಬರನ್ನೂ ಕಣ್ಣರಳಿಸಿ ನೋಡುತ್ತಿದ್ದ. ಸಾಹೇಬರು ನಲ್ಲಿಯ ಹತ್ತಿರ ಹೋಗಿ ತೋಳು ಮಡಚಿದರು.

ಇದನ್ನು ಓದುವ ನಮ್ಮ ಕಾಲಕ್ಕೆ ಕರಗಣ್ಣು ಬರಲು ಇನ್ನೂ ಮೂವತ್ತು ವರ್ಷ ಬೇಕು. ನಲ್ಲಿ, ಸಾಬೂನು, ಬಾಯಿ ಮೂರೂ ಈಗಲೇ ಇವೆ. ಆದರೂ ಯಂತ್ರ ಬರಲಿ, ಅದೇ ಹೇಳಲಿ ಎಂದು ಕಾಯುವವರು ಧಾರಾಳವಾಗಿ ಕಾಯಬಹುದು, ನಾಲ್ಕನೇ ಮಂಚದಲ್ಲಿ ಮಲಗಿಕೊಂಡು.