ಕೇಳದೆ ಉಳಿದ ಸಾಕ್ಷಿ

"ಸಾಕು! ಕೇಳಿದ್ದಕ್ಕಷ್ಟ ಉತ್ತರ ಹೇಳ್ರಿ!"

ಚಂದ್ರಕಲಾಳ ದನಿಗೆ ವಿಜಯಪುರದ ಆ ಕೋರ್ಟ್ ಹಾಲ್ ಗಪ್ಪಾಯಿತು. ಕಟಕಟೆಯಲ್ಲಿದ್ದ ಸಿದ್ದಲಿಂಗೇಶನ ಮುಖ ಕೆಂಪೇರಿತು.

ಅವನು ತಿಕೋಟಾದ ದ್ರಾಕ್ಷಿ ಬೆಳೆಗಾರ. ಪಕ್ಕದ ಹೊಲದ ಬೋರವ್ವ ಗಂಡನನ್ನು ಕುಡಗೋಲಿನಿಂದ ಕೊಂದ ಪ್ರಕರಣದಲ್ಲಿ ಸರ್ಕಾರದ ಕಡೆಯ ಸಾಕ್ಷಿ. ಚಂದ್ರಕಲಾ, ಬೋರವ್ವನ ಪರ ವಕೀಲೆ.

"ಆಕಿ ಕುಡಗೋಲು ಹಿಡಕೊಂಡು ಹೊರಗ ಬಂದದ್ದು ನೋಡಿದ್ರಿ. ಒಳಗ ಏನ್ ನಡೀತು ಅನ್ನೋದನ್ನ ಕಣ್ಣಾರೆ ನೋಡೀರೇನು?"

"ನೋಡಿಲ್ರಿ. ಆದ್ರ ಕಿವಿಯಾರೆ ಕೇಳೀನ್ರಿ ವಕೀಲರ... ಆ ಕೂಸು..."

"ನೋಡಿಲ್ಲ! ಅಷ್ಟ ಸಾಕು. ಇಳೀರಿ."

ಎದುರು ಪಕ್ಷದ ಸಾಕ್ಷಿಗೆ ಮಾತು ಬೆಳೆಸಲು ಬಿಡಬಾರದು, ನಿಜ. ಆದರೆ ಅವಳ ಒಳಗಿನ ಕಾರಣ ಬೇರೆಯೇ ಇತ್ತು.

'ಇನ್ನೊಂದು ಅಳು... ಇನ್ನೊಂದು ಕೂಸಿನ ಕತೆ... ನನ್ನ ಕೈಲೆ ಕೇಳಾಕಾಗಂಗಿಲ್ಲ!'

ಜೈಲಿನಲ್ಲಿ ಬೋರವ್ವ ಸೆರಗು ಸರಿಸಿ ತೋರಿಸಿದ ಸುಟ್ಟ ಕಲೆಗಳನ್ನು ಅವಳು ನೋಡಿದ್ದಳು. ಹೆಣದ ಫೋಟೋಗಳನ್ನು ಮತ್ತೆ ಮತ್ತೆ ನೋಡಿದ್ದಳು. ಆಮೇಲೆ ಏನಾಯಿತೋ! ಇಬ್ರಾಹಿಂಪುರದ ಬಾಡಿಗೆ ಮನೆಯಲ್ಲಿ ನೆರೆಯವರು ಬಾಗಿಲು ಜೋರಾಗಿ ಹಾಕಿದರೂ ಅವಳ ಎದೆ ಡವಡವ ಅನ್ನುತ್ತಿತ್ತು. ಬಬಲೇಶ್ವರದ ಹೆತ್ತವರ ಮನೆಗೆ ಹೋದರೆ ಅವ್ವ ರೊಟ್ಟಿ ಬಡಿಯುವ ಸಪ್ಪಳಕ್ಕೆ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಿದ್ದಳು. ಯಾರಿಗೂ ಹೇಳಲಿಲ್ಲ. ವಕೀಲೆಗೆ ಗಟ್ಟಿ ಎದೆ ಇರಬೇಕಲ್ಲ!

ತೀರ್ಪು ಬಂತು. ಜೀವಾವಧಿ.

"ಅಳಬ್ಯಾಡ್ರಿ ಅಕ್ಕಾರ..." ಕೈದಿಯೇ ವಕೀಲೆಯನ್ನು ಸಮಾಧಾನ ಮಾಡಿ ಪೊಲೀಸರ ಹಿಂದೆ ನಡೆದಳು.

ಗೇಟಿನ ಹತ್ತಿರ ಸಿದ್ದಲಿಂಗೇಶ ನಿಂತಿದ್ದ. ಚಂದ್ರಕಲಾಳ ಸಿಟ್ಟು ನೆತ್ತಿಗೇರಿತು.

"ಈಗ ತಂಪಾತೇನ್ರಿ ನಿಮ್ ಹೊಟ್ಟಿ?"

ಅವನ ಕಣ್ಣು ತುಂಬಿತ್ತು.

"ಒಂದ್ ಮಾತು ಮುಗಸಾಕ ಬಿಡಲಿಲ್ಲ ನೀವು. ಅವತ್ತು ಆತ ಮಗಳ ಜುಟ್ಟು ಹಿಡಿದು, 'ಇಕಿನ್ನ ಬಾವ್ಯಾಗ ಒಗೀತೀನಿ' ಅಂತ ಒದರಾಕತ್ತಿದ್ದ. ಕೂಸು ಚೀರತಿತ್ತು. ನಾ ಓಡಿ ಬರೂದ್ರಾಗ ಎಲ್ಲಾ ಮುಗದಿತ್ತು. ಹೇಳಿಕಿ ಬರಕೊಂಡ ಪೊಲೀಸ್ರು, ನೋಡಿದ್ದಷ್ಟ ಹೇಳು ಅಂದ್ರು. ನೀವೂ ಅದನ್ನ ಅಂದ್ರಿ!"

"ಬೋರವ್ವ... ನನಗ್ಯಾಕ ಹೇಳಲಿಲ್ಲ?"

"ಮಗಳನ್ನ ಕೋರ್ಟಿಗೆ ಎಳದಾರು ಅಂತ ಹೆದರಿರಬೇಕ್ರಿ."

ಚಂದ್ರಕಲಾಳಿಗೆ ಈಗ ಎಲ್ಲ ತಿಳಿಯಿತು. ಮಗಳ ಜೀವ ಉಳಿಸಲು ತಾಯಿ ಕುಡಗೋಲು ಎತ್ತಿದ್ದಳು. ಆ ಮಾತು ಕಟಕಟೆಯವರೆಗೆ ಬಂದಿತ್ತು. ಅದನ್ನು ತಡೆದವಳು ತಾನೇ!

ಅವಳು ತೂರಾಡಿದಳು. ಬೀಳದಂತೆ ಅವನು ತೋಳು ಹಿಡಿದ.

"ಮುಟ್ಟಬ್ಯಾಡ್ರಿ!"

ಅವಳ ಚೀರಾಟಕ್ಕೆ ಜನ ತಿರುಗಿ ನೋಡಿದರು. ಸಿದ್ದಲಿಂಗೇಶ ಕೈ ಹಿಂದಕ್ಕೆ ಎಳೆದುಕೊಂಡ. ಗೇಟು ದಾಟಿ ಹೊರಟುಹೋದ.

ಆಮೇಲೆ ಎಷ್ಟೋ ದಿನ ಅವಳು ಕರಿಕೋಟು ತೊಡಲಿಲ್ಲ. ಹಾಸಿಗೆ ಬಿಟ್ಟು ಏಳಲಿಲ್ಲ. ಕಡೆಗೆ ಹಿರಿಯ ವಕೀಲೆ ಶಹಜಾದಿ ಮನೆಗೇ ಬಂದರು. ಬಾಗಿಲು ತೆರೆದವಳ ಮುಖ ನೋಡಿ ಅವರಿಗೆ ಎಲ್ಲ ಅರ್ಥವಾಯಿತು.

"ಗಾಯ ಮಂದೀದು, ಕೀವು ನಿನಗ ತುಂಬೇತಿ. ನನಗೂ ಆಗಿತ್ತವಾ. ನಾಚಿಕಿ ಬ್ಯಾಡ. ಡಾಕ್ಟರ್ ಕಡೆ ಹೋಗೂಣು ನಡಿ."

ಮನೋವೈದ್ಯರ ಮುಂದೆ ಅವಳು ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತಳು. ದಿನದಿಂದ ದಿನಕ್ಕೆ ನಿದ್ದೆ ತಿರುಗಿ ಬಂತು. ಮತ್ತೆ ಕೋರ್ಟಿಗೆ ಹೋಗತೊಡಗಿದಳು, ಆದರೆ ಕೇಸಿನ ಕಾಗದ ಮನೆಗೆ ತರುವುದನ್ನು ಬಿಟ್ಟಳು. ಜೈಲಿಗೆ ಹೋಗಿ ಬಂದ ದಿನ ಬೇರೆ ಕೆಲಸ ಹಿಡಿಯಲಿಲ್ಲ. ಕೇಳಿದ್ದನ್ನು ಎದೆಯಲ್ಲಿ ಹೂಳದೆ ಶಹಜಾದಿಯವರ ಮುಂದೆ ಇಳಿಸುತ್ತಿದ್ದಳು. ಬೋರವ್ವನ ಮೇಲ್ಮನವಿಯನ್ನೂ ಒಬ್ಬಳೇ ಹೊರಲಿಲ್ಲ, ಇಬ್ಬರೂ ಸೇರಿ ಹಾಕಿದರು.

ಅದಕ್ಕೆ ಸಿದ್ದಲಿಂಗೇಶನ ಮಾತು ಬೇಕೇ ಬೇಕಿತ್ತು.

ತಿಕೋಟಾದಲ್ಲಿ ಒಣದ್ರಾಕ್ಷಿಯ ಶೆಡ್ಡಿನ ಮುಂದೆ ನಿಂತವಳನ್ನು ಕಂಡು ಅವನು ಮುಖ ತಿರುಗಿಸಿದ.

"ನಾ ಮುಟ್ಟಿದ್ರ ಹೇಸಿಗಿ ಆಗಿತ್ತಲ್ರಿ? ಈಗ ಕೆಲಸ ಬಿತ್ತೇನು?"

"ಹೇಸಿಗಿ ಅಲ್ರಿ..." ಅಂದಳು ಚಂದ್ರಕಲಾ. "ಬೋರವ್ವನ ಸಂಕಟ ಕೇಳಿ ಕೇಳಿ ನನ್ನ ಮೈ ನಂದಾಗಿ ಉಳದಿರಲಿಲ್ಲ. ಯಾರ ಮುಟ್ಟಿದ್ರೂ ಆಕಿ ಗಂಡನ ಕೈನ ಅನಸ್ತಿತ್ತು. ಅದಕ್ಕ ನಿಮ್ಮ ಮಾತೂ ಕೇಳಲಿಲ್ಲ. ತಪ್ಪಾತ್ರಿ."

ಅವನು ನೆರಳಿಗೆ ಕುರ್ಚಿ ತಂದಿಟ್ಟು, ತಾನು ದೂರ ಸರಿದು ನಿಂತ.

"ಕುಂದರ್ರಿ. ಎಲ್ಲಿ ಬಂದು ಹೇಳಬೇಕು, ಹೇಳ್ರಿ."

ಅವನ ಮಾತನ್ನು ಹೊಸದಾಗಿ ದಾಖಲಿಸಲು ಹೈಕೋರ್ಟಿನ ಕಲಬುರಗಿ ಪೀಠ ಒಪ್ಪಿತು. ಅಲ್ಲಿಗೆ ಇಬ್ಬರೂ ಎಷ್ಟೋ ಸಲ ಜೊತೆಯಲ್ಲಿ ಹೋಗಿ ಬಂದರು. ಬಸ್ಸಿನಲ್ಲಿ ಅವನು ಅವಳನ್ನು ಕೇಸಿನ ಬಗ್ಗೆ ಕೇಳುತ್ತಿರಲಿಲ್ಲ. ದ್ರಾಕ್ಷಿಗೆ ಬಂದ ರೋಗ, ಊರಿನ ಜಗಳ... ಹೀಗೇ ಏನೇನೋ ಹೇಳುತ್ತಿದ್ದ. ಕೇಳುತ್ತಾ ಕೇಳುತ್ತಾ ಅವಳಿಗೆ ನಿದ್ದೆ ಹತ್ತುತ್ತಿತ್ತು. ಪ್ರೀತಿ ಯಾವ ಊರು ದಾಟುವಾಗ ಹುಟ್ಟಿತೋ, ಇಬ್ಬರಿಗೂ ಗೊತ್ತಾಗಲಿಲ್ಲ.

ಕೊನೆಯ ತೀರ್ಪಿನಲ್ಲಿ ಜೀವಾವಧಿ ಹೋಗಿ ಏಳು ವರ್ಷದ ಸೆರೆಯಾಯಿತು. ಬಿಡುಗಡೆ ಸಿಗಲಿಲ್ಲ. ಬೋರವ್ವನ ಮಗಳು ಹಾಸ್ಟೆಲ್ಲಿನಲ್ಲೇ ದೊಡ್ಡವಳಾಗಬೇಕು.

ಕೋರ್ಟಿನ ಹೊರಗಿನ ಕಟ್ಟೆಯ ಮೇಲೆ ಇಬ್ಬರೂ ಕುಳಿತರು.

"ಅವತ್ತ ನಾ ಕೇಳಿದ್ರ, ಆಕಿ ಈಗ ಮನಿಯಾಗ ಇರತಿದ್ಲೇನೋ."

"ಇರತಿದ್ಲೇನೋ," ಅಂದ ಸಿದ್ದಲಿಂಗೇಶ.

ಸುಳ್ಳು ಸಮಾಧಾನ ಹೇಳಲಿಲ್ಲ. ಅದಕ್ಕೇ ಅವಳಿಗೆ ಅವನು ಬೇಕಾಗಿದ್ದ.

"ಎದ್ಯಾಗಿನ ಈ ಮುಳ್ಳು ಹೋಗಂಗಿಲ್ರಿ. ಇದನ್ನ ಕಟಗೊಂಡ ನಿಮ್ ಮನಿಗೆ ಬರಲೇನು?"

ಅವನು ಬೆರಗಾಗಿ ನೋಡಿದ. "ಬರ್ರಿ... ಇಷ್ಟ ದಿನ ಬಾಯಿ ಬರಲಾರದ ಕುಂತೀನಿ ನಾನು!"

"ಒಂದೊಂದ್ ಸಂಜಿ ನಾ ಯಾರ ಕೂಡಾನೂ ಮಾತಾಡಂಗಿಲ್ಲ."

"ಆಗ್ಲಿ. ಊಟಕ್ಕ ಕರೀಬೇಕೋ, ಬ್ಯಾಡೋ? ಅದೊಂದು ಹೇಳಿಬಿಡ್ರಿ."

ಅವಳು ಕಣ್ಣೊರೆಸಿಕೊಂಡಳು.

"ಕರೀರಿ," ಅಂದಳು. "ಬರಲಿಲ್ಲಂದ್ರ... ಇನ್ನೊಮ್ಮೆ ಕರೀರಿ."