ಪಂಪ್‌ಹೌಸ್ ಹಿಂದಿನ ಪೊದೆಗೆ ಬಿದ್ದ ಸೊನ್ನೆ

"ಮೇಡಂ, ಈ ಪೊದೇಲಿ ಒಂದೇ ಒಂದು ಹಕ್ಕೀನೂ ಇಲ್ಲ ಅಂತ ನೀವು ಬರ್ಕೊಟ್ಟಿದೀರಂತೆ. ಹೌದಾ?"

ಪಾರ್ಕಿನ ಮಾಲಿ ಇದನ್ನು ಜಗಳದ ದನಿಯಲ್ಲಿ ಕೇಳಿದ್ದರೆ ಅವಳಿಗೆ ಎಷ್ಟೋ ವಾಸಿಯಿತ್ತು. ಅವನು ಕೇಳಿದ್ದು ಮೆಲ್ಲಗೆ, ತನಗೆ ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಹತ್ತಿರ ಕೇಳುವ ಹಾಗೆ. ಕೈಯಲ್ಲಿ ಮಚ್ಚು. ಬೆನ್ನ ಹಿಂದೆ ಪೊದೆಯ ಮೂರನೇ ಒಂದು ಪಾಲು ಆಗಲೇ ನೆಲಕ್ಕೊರಗಿತ್ತು. ಅವನ ಗುಂಗುರು ಕೂದಲಲ್ಲಿ ಒಂದು ಎಲೆ ಸಿಕ್ಕಿಕೊಂಡಿತ್ತು. ಬೇರೆ ದಿನವಾಗಿದ್ದರೆ ಅದನ್ನು ತೆಗೆಯುವ ನೆಪ ಹುಡುಕುತ್ತಾ ಅವಳ ಅರ್ಧ ಬೆಳಗು ಕಳೆಯುತ್ತಿತ್ತು. ಇವತ್ತು ಅವಳ ಕಣ್ಣು ಕಡಿದು ಬಿದ್ದ ಕೊಂಬೆಗಳ ಮೇಲೇ ಇತ್ತು.

"ಇಲ್ಲಿ ಲಾನ್ ಮಾಡ್ಬೇಕಂತೆ," ಅವನೇ ಮುಂದುವರಿಸಿದ. "ಹಕ್ಕಿಗಳಿಗೂ ಬೇಡದ ಪೊದೆ ಯಾಕೆ ಅಂದ್ರು ಸೂಪರ್‌ವೈಸರ್. ನಿಮ್ಮ ರಿಪೋರ್ಟ್ ತೋರಿಸಿದ್ರು."

ಅವಳ ಕೆಲಸವೇ ಅದು. ಕಾಲೇಜಿನ ಪ್ರೊಫೆಸರಮ್ಮ ಒಬ್ಬರ ಸಮೀಕ್ಷೆಗಾಗಿ, ಊರಿನ ಒಂಬತ್ತು ಪಾರ್ಕುಗಳಲ್ಲಿ ಯಾವ ಥರದ ಹಸಿರಿದ್ದರೆ ಯಾವ ಹಕ್ಕಿ ಉಳಿಯುತ್ತದೆ ಎಂದು ನೋಡುವುದು. ಗೊತ್ತು ಮಾಡಿದ ಒಂದೊಂದು ಜಾಗದಲ್ಲೂ ಹತ್ತು ನಿಮಿಷ ನಿಲ್ಲಬೇಕು, ಕಂಡದ್ದನ್ನೂ ಕೇಳಿದ್ದನ್ನೂ ಬರೆಯಬೇಕು, ಬಾಯಿ ಬಿಡಬಾರದು. ಚೊಕ್ಕವಾಗಿ ಕತ್ತರಿಸಿದ ಹುಲ್ಲಿನ ಮೇಲೆ ಕಾಗೆ, ಪಾರಿವಾಳ, ಮೈನಾಗಳದ್ದೇ ಕಾರುಬಾರು. ಪಿಕಳಾರ, ಎಲೆ ಹೊಲಿದು ಗೂಡು ಕಟ್ಟುವ ಸಿಂಪಿಗ, ಇಂಥ ಸಣ್ಣ ಜೀವಗಳಿಗೆ ಗುಡಿಸದ ತರಗೆಲೆ ಬೇಕು, ಸಿಕ್ಕುಸಿಕ್ಕಾದ ಪೊದೆ ಬೇಕು. ಇದೆಲ್ಲ ಮಾಲಿಗೆ ಯಾವ ಪುಸ್ತಕವನ್ನೂ ಓದದೆ ಗೊತ್ತಿತ್ತು. ಹಾವಿದೆ, ಮಚ್ಚು ಮೊಂಡಾಗಿದೆ, ಸೊಂಟ ಹಿಡಿದಿದೆ ಎಂದು ನಾಲ್ಕು ವರ್ಷದಿಂದ ಸುಳ್ಳಿನ ಮೇಲೆ ಸುಳ್ಳು ಹೇಳಿ ಆ ಮೂಲೆಯನ್ನು ಉಳಿಸಿಕೊಂಡು ಬಂದಿದ್ದ.

ಅಲ್ಲಿ ಅವಳು ಏಳು ಬೆಳಗು ನಿಂತಿದ್ದಳು. ಏಳು ಬೆಳಗೂ ಸರಿಯಾಗಿ ಅದೇ ಹೊತ್ತಿಗೆ ಅವನು ಪೈಪ್ ಎಳೆದುಕೊಂಡು ಬರುತ್ತಿದ್ದ.

"ಎಣಿಸೋವಾಗ ಮಾತಾಡೋ ಹಾಗಿಲ್ಲ ಅಲ್ವಾ ಮೇಡಂ? ಸರಿ, ನೀವು ಸುಮ್ನಿರಿ. ನಿಮ್ಮ ಪಾಲಿಂದೂ ನಾನೇ ಆಡ್ತೀನಿ." ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೀರು ಚಿಮುಕಿಸುತ್ತಾ, ಅವಳ ಕಡೆ ನೋಡದೆಯೇ ಶುರುಮಾಡುತ್ತಿದ್ದ. "'ಚೆನ್ನಾಗಿದೀರಾ ಮಾಲಿಯವ್ರೇ?' ಚೆನ್ನಾಗಿದೀನಿ ಮೇಡಂ. 'ಅಂಗಿ ಹೊಸದಾ?' ಹೂಂ, ಗಮನಿಸಿದ್ರಲ್ಲ, ಸಂತೋಷ."

ನಗು ತಡೆಯಲು ಅವಳು ಪೆನ್ಸಿಲ್ ಕಚ್ಚುತ್ತಿದ್ದಳು. ನಕ್ಕಳೋ ಇಲ್ಲವೋ ಎಂದು ಅವನು ಒಂದೇ ಒಂದು ಸಲ ಓರೆಗಣ್ಣಿನಿಂದ ನೋಡುತ್ತಿದ್ದ. ಅಷ್ಟರಲ್ಲಿ ಹತ್ತು ನಿಮಿಷ ಮುಗಿದಿರುತ್ತಿತ್ತು, ಹಾಳೆ ಖಾಲಿ ಇರುತ್ತಿತ್ತು. ಮನೆಯಲ್ಲಿ ಅಕ್ಕ, "ಹಕ್ಕಿ ನೋಡೋಕೆ ಹೋಗೋಳಿಗೆ ಕನ್ನಡಿ ಮುಂದೆ ಇಷ್ಟೊತ್ತು ಏನೇ ಕೆಲ್ಸ?" ಎಂದು ಕಾಲೆಳೆಯುತ್ತಿದ್ದಳು.

ಸುಳ್ಳು ಸಂಖ್ಯೆ ಬರೆಯಲು ಮನಸ್ಸು ಬಾರದೆ ಅವಳು ಆ ಸಾಲುಗಳನ್ನು ಖಾಲಿ ಬಿಟ್ಟಳು. ಕಂಪ್ಯೂಟರ್ ಖಾಲಿಯನ್ನೆಲ್ಲ ಸೊನ್ನೆ ಮಾಡಿಕೊಂಡಿತು. ಇಷ್ಟೇ ಆಗಿದ್ದರೆ ಕಣ್ತಪ್ಪು ಎನ್ನಬಹುದಿತ್ತು. ಆದರೆ ರಿಪೋರ್ಟಿನ ಮೀಟಿಂಗಿನಲ್ಲಿ ಆ ಸೊನ್ನೆ ಪರದೆಯ ಮೇಲೆ ದೊಡ್ಡದಾಗಿ ಕಾಣಿಸಿತ್ತು. ಅವಳು ನೋಡಿದ್ದಳು, ನೋಡಿಯೂ ತುಟಿ ಬಿಚ್ಚಿರಲಿಲ್ಲ. ಯಾಕೆ ಎಣಿಸಲಿಲ್ಲ ಎಂದು ಪ್ರೊಫೆಸರಮ್ಮ ಎಲ್ಲರೆದುರು ಕೇಳಿಬಿಟ್ಟರೆ ಏನೆಂದು ಹೇಳುವುದು?

"ನೀವು ಬರ್ದಿದ್ಮೇಲೆ ಸರಿಯಾಗೇ ಇರುತ್ತೆ ಅಂದ್ಕೊಂಡೆ," ಎಂದ ಮಾಲಿ. "ಇಷ್ಟು ವರ್ಷ ನನಗೇ ಏನೇನೋ ಕೇಳಿಸ್ತಿತ್ತೇನೋ ಅಂತ ಮಚ್ಚು ಹಿಡಿದೆ. ಆದ್ರೆ ಇದು ಸಿಕ್ತು."

ಅಂಗೈ ಚಾಚಿದ. ನಾರಿನಿಂದ ಹೊಲಿದ ಎರಡು ಎಲೆಗಳ ನಡುವೆ ಗೂಡು. ಒಳಗೆ ಎರಡು ಪುಟ್ಟ ಮೊಟ್ಟೆ, ಒಂದು ಒಡೆದಿತ್ತು.

ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಅವಳಿಗೆ. ತನ್ನ ಕಿವಿಯನ್ನೇ ನಂಬದೆ ಅವನು ಇವಳನ್ನು ನಂಬಿದ್ದ.

"ಅದು ಸೊನ್ನೆ ಅಲ್ಲ," ಎಂದಳು. "ನಾನು ಎಣಿಸಲೇ ಇಲ್ಲ. ಏಳು ದಿನಾನೂ."

"ಇಲ್ಲೇ ನಿಂತಿದ್ರಲ್ಲ ಮೇಡಂ, ನಾನೇ ನೋಡಿದೀನಿ."

"ನಿಂತಿದ್ದೆ. ನಿಮ್ಮನ್ನ ನೋಡ್ತಾ ನಿಂತಿದ್ದೆ."

ಈ ಮಾತನ್ನು ಅವಳು ಮನಸ್ಸಿನಲ್ಲೇ ಎಷ್ಟು ಸಲ ಆಡಿ ನೋಡಿದ್ದಳೋ. ಪ್ರತಿ ಸಲವೂ ಅವನು ನಗುತ್ತಿದ್ದ. ಈಗ ನಗಲಿಲ್ಲ. ಮಚ್ಚನ್ನು ಕಾಲ ಬಳಿ ಹಾಕಿ, ಗೂಡನ್ನು ಎರಡೂ ಕೈಯಲ್ಲಿ ಹಿಡಿದು ಪಂಪ್‌ಹೌಸಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

"ನಿಮ್ಮ ಪ್ರೊಫೆಸರ್‌ಗೆ ಗೊತ್ತಾ?"

"ಇಲ್ಲ."

"ನನ್ನ ಹತ್ರ ಹೇಳೋದು ಸುಲಭ ಮೇಡಂ."

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಅವನೆದುರೇ ಫೋನ್ ತೆಗೆದು ಪ್ರೊಫೆಸರಮ್ಮನ ನಂಬರ್ ಒತ್ತಿದಳು.

"ಮೇಡಂ, ಪಂಪ್‌ಹೌಸ್ ಮೂಲೆಯ ಸೊನ್ನೆ ತಪ್ಪು. ಅದನ್ನ ನಂಬಿ ಇಲ್ಲಿ ಪೊದೆ ಕಡೀತಿದಾರೆ. ಅಲ್ಲಿ ನಾನು ಎಣಿಸಲಿಲ್ಲ. ಗಮನ ಬೇರೆ ಕಡೆ ಇತ್ತು."

"ಬೇರೆ ಕಡೆ ಅಂದ್ರೆ?"

ಅವಳ ಕಿವಿ ಬಿಸಿಯಾಯಿತು. "ಒಬ್ರ ಮೇಲೆ."

"ಮೀಟಿಂಗಲ್ಲಿ ಇದು ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಮೇಡಂ."

"ಕೆಲಸ ನಿಲ್ಸೋಕೆ ನಾನೀಗ್ಲೇ ಫೋನ್ ಮಾಡ್ತೀನಿ. ತಪ್ಪಾಯ್ತು ಅಂತ ಪತ್ರ ನೀನೇ ಬರಿ, ನಿನ್ನ ಹೆಸರಲ್ಲೇ ಬರಿ. ನಾಳೆಯಿಂದ ಎಣಿಸೋಕೆ ನೀನು ಬೇಡಮ್ಮ."

ಸ್ವಲ್ಪ ಹೊತ್ತಿಗೆ ಮಾಲಿಯ ಫೋನ್ ಬಡಿದುಕೊಂಡಿತು. "ಹೂಂ ಸಾರ್. ನಿಲ್ಲಿಸ್ದೆ ಸಾರ್," ಎಂದು ಮಚ್ಚನ್ನು ಕಾಲಿನಿಂದ ದೂರ ತಳ್ಳಿದ. ಉಳಿದ ಪೊದೆ ಉಳಿಯಿತು. ಅವಳ ಕೆಲಸ ಉಳಿಯಲಿಲ್ಲ. ಅದಕ್ಕೆ ಅವಳಿಗೆ ದುಃಖವೂ ಆಗಲಿಲ್ಲ, ದುಃಖಪಡುವ ಮುಖವೇ ತನಗಿಲ್ಲ ಅನ್ನಿಸಿತ್ತು. ಬ್ಯಾಗ್ ಹೆಗಲಿಗೇರಿಸಿದಳು.

"ಈ ಪೊದೆಗೆ ನೀರೇ ಬೇಕಿರಲಿಲ್ಲ," ಎಂದ ಅವನು ತಟ್ಟನೆ. "ಪಂಪ್ ಸೋರೋ ನೀರಲ್ಲೇ ಬೆಳೆದಿದ್ದು ಅದು. ಏಳು ದಿನಾನೂ ನಾನು ಸುಮ್ ಸುಮ್ನೆ ಪೈಪ್ ಎಳ್ಕೊಂಡು ಬಂದೆ. ತಪ್ಪಲ್ಲಿ ನನ್ನ ಪಾಲೂ ಇದೆ."

"ಮೀಟಿಂಗಲ್ಲಿ ಬಾಯಿ ಮುಚ್ಕೊಂಡು ಕೂತಿದ್ದೋಳು ನಾನು."

"ಅದು ಹೌದು," ಎಂದ, ಒಂದಿಷ್ಟೂ ಮೆತ್ತಗಾಗದೆ.

ಅವಳು ಹೊರಟಳು. ನಾಲ್ಕು ಹೆಜ್ಜೆ ಇಟ್ಟಿರಬೇಕು.

"ಕಡಿದಿರೋ ಜಾಗದಲ್ಲಿ ಮತ್ತೆ ಗಿಡ ಹಾಕ್ಬೇಕು. ಒಬ್ಬನ ಕೈಲಿ ಆಗಲ್ಲ. ನಾಳೆ ಬರ್ತೀರಾ?"

ನಿಂತಳು. ತಿರುಗುವ ಧೈರ್ಯ ಸಾಲಲಿಲ್ಲ. "ನಿಮ್ಮ ಸಿಟ್ಟು?"

"ಅದೂ ಇರುತ್ತೆ. ನಾನೂ ಇರ್ತೀನಿ. ಬರ್ತೀರಾ?"

ಕಡೆಗೂ ತಿರುಗಿದಳು. ಅವನ ಮುಖ ನೋಡಲಾಗದೆ, ಮಣ್ಣು ಮೆತ್ತಿದ ಅವನ ಕಾಲುಗಳನ್ನೇ ನೋಡುತ್ತಾ, "ಬರ್ತೀನಿ," ಎಂದಳು.